ಈಗ ನರಿಗಳ ಊಳು ಅಪರೂಪ

ಮೊದಲೆಲ್ಲ ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಲ್ಲಿ ಕತ್ತಲಾದರೆ ನರಿಗಳ ಊಳು. ಒಂದು ಶುರು ಮಾಡಿದರೆ ಆಚೆ ದಿಣ್ಣೆಯಿಂದ ಇನ್ನೊಂದು. ಈಗ ನಾಯಿಗಳ ಬೊಗಳಾಟವೇ ಜಾಸ್ತಿ. ಹುಚ್ಚು, ವೈರಸ್‌ನಿಂದ ಬರುವ ಡಿಸ್ಟೆಂಪರ್‌ನಂಥ ರೋಗ ಆ ನಾಯಿಗಳಿಂದ ನರಿಗಳಿಗೂ ಹರಡುತ್ತದೆ. ಹಂದಿಗೆ ಇಟ್ಟ ಉರುಳಿಗೂ ಬೀಳುತ್ತವೆ ಪಾಪ.

ನನಗೆ ತೀರಾ ಸಿಟ್ಟು ಬರುವುದು 'ನರಿಕೊಂಬು' ವ್ಯಾಪಾರಕ್ಕೆ. ನರಿಗೆ ಕೊಂಬೇ ಇಲ್ಲ! ಮೂಳೆ ಚೂರಿಗೆ ಕೂದಲಿರುವ ಚರ್ಮ ಅಂಟಿಸಿ, ಅದೃಷ್ಟ ಅಂತ ಮಾರುತ್ತಾರೆ. ಅದಕ್ಕೆ ಒಂದು ಜೀವ ಹೋಗಬೇಕಾ?

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಿಂದ ನರಿಯೂ ಹುಲಿಯಿರುವ ಮೊದಲ ಪಟ್ಟಿಗೇ ಸೇರಿದೆ. ಗದ್ದೆಯ ಇಲಿ, ಏಡಿ ತಿನ್ನುವ ಪ್ರಾಣಿ ರೈತನಿಗೆ ನೆರವೇ ಅಲ್ವಾ? ಬದುವಿನ ಪೊದೆಗೆ ಸುಮ್ನೆ ಬೆಂಕಿ ಇಡಬೇಡಿ. ಮರಿಗಳ ಬಿಲ ಅಲ್ಲೇ ಇರಬಹುದು.