ಮುಂಚೆ ಎಷ್ಟೊತ್ತಿಗೆ ಏಳ್ತಿದ್ರಿ?

ಹೋದ ಮಳೆಗಾಲದಲ್ಲಿ ಹಾಸನದಲ್ಲಿ ಎರಡು ದಿನದ ತರಬೇತಿ ಇತ್ತು. ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ನರ್ಸ್‌ಗಳು, ಸಮಾಜ ಕಾರ್ಯಕರ್ತರು ಸೇರಿ ಎಂಟು ಜನ ಬಂದಿದ್ದೆವು. ಖಿನ್ನತೆ ಎಷ್ಟಿದೆ ಎಂದು ಅಳೆಯುವ ಹ್ಯಾಮಿಲ್ಟನ್ ಸ್ಕೇಲ್ ಕಲಿಸುವುದಿತ್ತು. ಮ್ಯಾಕ್ಸ್ ಹ್ಯಾಮಿಲ್ಟನ್ ಎಂಬ ಮನೋವೈದ್ಯರು 1960ರಲ್ಲಿ ಪ್ರಕಟಿಸಿದ್ದು. ಒಟ್ಟು 17 ಅಂಶ. ಕೆಲವಕ್ಕೆ 0ಯಿಂದ 4, ಕೆಲವಕ್ಕೆ 0ಯಿಂದ 2 ಅಂಕ. ನಾನು ಮೂರು ವರ್ಷದಿಂದ ಆ ಹಾಳೆ ತುಂಬುತ್ತಿದ್ದೆ. ಸರಿಯಾಗೇ ತುಂಬುತ್ತಿದ್ದೇನೆ ಅಂದುಕೊಂಡಿದ್ದೆ.

ಹಿರಿಯ ಸಿಸ್ಟರ್ ಒಬ್ಬರು ರೋಗಿಯ ಪಾತ್ರ ಮಾಡಿದರು. ಸೆರಗು ಹೊದ್ದು, ತಲೆ ತಗ್ಗಿಸಿ ಕೂತರು. ನಮ್ಮಲ್ಲೊಬ್ಬರು ಪ್ರಶ್ನೆ ಕೇಳಿದರು, ಎಲ್ಲರೂ ಅಂಕ ಹಾಕಿದೆವು. ಒಟ್ಟು ಅಂಕಗಳನ್ನು ಬೋರ್ಡಿನ ಮೇಲೆ ಬರೆದಾಗ ಯಾರೂ ಮಾತಾಡಲಿಲ್ಲ. ಕಡಿಮೆ ಎಂದರೆ 12, ಜಾಸ್ತಿ ಎಂದರೆ 21.

ಸಾಮಾನ್ಯವಾಗಿ 12 ಅಂದರೆ ಸೌಮ್ಯ, 21 ಅಂದರೆ ತೀವ್ರ. ಈ ತಿಂಗಳು ನಾನು 21 ಹಾಕಿ, ಮುಂದಿನ ತಿಂಗಳು ಇನ್ನೊಬ್ಬರು ಅದೇ ಹೆಂಗಸಿಗೆ 12 ಹಾಕಿದರೆ? ಮಾತ್ರೆ ಚೆನ್ನಾಗಿ ಕೆಲಸ ಮಾಡಿದೆ ಎಂದು ಡಾಕ್ಟರ್ ಅಂದುಕೊಳ್ಳುತ್ತಾರೆ. ಆ ತಾಯಿ ಮಾತ್ರ ಇದ್ದ ಹಾಗೇ ಇರುತ್ತಾಳೆ. ಅವತ್ತು ಊಟದ ಹೊತ್ತಲ್ಲೂ ನನಗೆ ಇದೇ ಯೋಚನೆ.

ಆಮೇಲೆ ಒಂದೊಂದೇ ಅಂಶ ಹಿಡಿದು ನೋಡಿದೆವು. "ನಾಲ್ಕಕ್ಕೇ ಎದ್ಬಿಡ್ತೀನಿ, ಮತ್ತೆ ಮಲಗಲ್ಲ" ಎಂದಿದ್ದರು ಸಿಸ್ಟರ್. ಬೆಳಗಿನ ಜಾವದ ನಿದ್ದೆಗೇಡಿಗೆ ನಾವು ಐದು ಜನ ಪೂರ್ತಿ 2 ಹಾಕಿದ್ದೆವು. ತರಬೇತಿ ಕೊಡುವವರು ಪಾತ್ರದ ವಿವರ ಓದಿದರು. ಮನೆಯಲ್ಲಿ ಎರಡು ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಬೇಕು. ಹದಿನೈದು ವರ್ಷದಿಂದ ಆಕೆ ಏಳುವುದೇ ನಾಲ್ಕಕ್ಕೆ! ಅಂಕ ಸೊನ್ನೆ. ಐದು ಜನರ ಅಂಕ ಒಂದೇ ಇತ್ತು, ಐದೂ ಜನರದು ತಪ್ಪು. ಮುಂಚೆ ಎಷ್ಟೊತ್ತಿಗೆ ಏಳ್ತಿದ್ರಿ ಎಂದು ಯಾರೂ ಕೇಳಿರಲಿಲ್ಲ.

ಜಾಸ್ತಿ ಜಗಳ ಆಗಿದ್ದು ತಪ್ಪಿತಸ್ಥ ಭಾವನೆ ಅಳೆಯುವ ಅಂಶದಲ್ಲಿ, ಸಿಸ್ಟರ್ ಹೇಳಿದ "ಎಲ್ಲ ನನ್ನ ಕರ್ಮ" ಎಂಬ ಮಾತಿಗೆ. ಕಾಯಿಲೆಯೇ ಶಿಕ್ಷೆ ಅನ್ನಿಸಿದರೆ 3 ಎಂದು ಹಾಳೆಯಲ್ಲಿದೆ. ನಾನು 3 ಹಾಕಿದ್ದೆ. ಪಕ್ಕದವರು ಸೊನ್ನೆ ಹಾಕಿದ್ದರು. "ಹಾಲು ಉಕ್ಕಿದ್ರೂ ನಮ್ಮಮ್ಮ ನನ್ನ ಕರ್ಮ ಅಂತಾರೆ" ಎಂದರು. ಅದೂ ನಿಜ ಅಲ್ವಾ? ಕೊನೆಗೆ ಸಿಸ್ಟರ್‌ನ ಮತ್ತೆ ಕೂರಿಸಿ ಕೇಳಿದೆವು: "ಕರ್ಮ ಅಂದ್ರಲ್ಲಮ್ಮ, ನೀವೇನೋ ತಪ್ಪು ಮಾಡಿದ್ದಕ್ಕೇ ಹೀಗಾಯ್ತು ಅನ್ಸುತ್ತಾ?"

"ಹಾಗಲ್ಲ... ಮಗಳನ್ನ ಓದಿಸ್ಲಿಲ್ಲ. ಅವಳಿಗೆ ಅನ್ಯಾಯ ಮಾಡ್ದೆ ಅನ್ಸುತ್ತೆ."

ಕಾಯಿಲೆ ಶಿಕ್ಷೆ ಅಂದಿಲ್ಲ, ತನ್ನನ್ನು ತಾನೇ ದೂರಿಕೊಂಡಿದ್ದಾರೆ ಅಷ್ಟೇ. ಅಂಕ 1. ನಮ್ಮಿಬ್ಬರದೂ ತಪ್ಪಾಗಿತ್ತು.

ಎಲ್ಲರೂ ಒಂದೇ ರೀತಿ ಕೇಳಲಿ ಎಂದು ಜಾನೆಟ್ ವಿಲಿಯಮ್ಸ್ ಎಂಬ ಸಂಶೋಧಕಿ 1988ರಲ್ಲೇ ಈ ಸ್ಕೇಲ್‌ಗೆ ಪ್ರಶ್ನೆಗಳನ್ನು ಜೋಡಿಸಿಕೊಟ್ಟಿದ್ದಾರೆ. ಆ ಸಂಜೆ ನಾವು ಅಂಥ ಪ್ರಶ್ನೆಗಳನ್ನು ನಮ್ಮ ಕಡೆಯ ಮಾತಿನಲ್ಲಿ ಬರೆದುಕೊಂಡೆವು. ಮಾರನೇ ದಿನ ಬೇರೆ ಪಾತ್ರ. ಅಂಕ 16ರಿಂದ 19ರೊಳಗೆ ಬಂತು.

ಮುಂದಿನ ವಾರ ಕಾಫಿ ತೋಟದ ಲೈನ್ ಮನೆಯಿಂದ ಒಬ್ಬರು ಅಜ್ಜ ಬಂದಿದ್ದರು. "ಮೂರಕ್ಕೇ ಎಚ್ಚರ ಆಗುತ್ತೆ ಕಣಮ್ಮ, ಆಮೇಲೆ ನಿದ್ದೇನೇ ಇಲ್ಲ" ಅಂದರು. ನಾನು ಪೆನ್ನು ಕೆಳಗಿಟ್ಟೆ.

"ಮುಂಚೆ ಎಷ್ಟೊತ್ತಿಗೆ ಏಳ್ತಿದ್ರಿ ಅಜ್ಜ?"

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. "ಅವಳಿದ್ದಾಗ ಆರಕ್ಕೆ. ಅವಳೇ ಎಬ್ಬಿಸೋಳು."

2 ಬರೆದೆ. ಪಕ್ಕದಲ್ಲಿ ಅವರ ಮಾತನ್ನೂ ಹಾಗೇ ಬರೆದುಕೊಂಡೆ.