ಸಾನ್ವಿಯ ಹತ್ತಿರದ ಹೆಸರು

ತಮ್ಮನಿಗೆ ಹೆಣ್ಣು ಮಗುವಾದಾಗ ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಧಾರವಾಡದ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಹೇಳುವ ಹೊತ್ತಿಗೆ ಸುತ್ತ ನಿಂತ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಸಾಲದ್ದಕ್ಕೆ ನಾನು ಸಂಸ್ಕೃತ ಪಾಠ ಹೇಳುವವಳು. ಗುದ್ದು ಹೇಗೂ ತಿನ್ನುವುದಿದೆ, ಹೆಸರನ್ನೂ ನೀನೇ ಹುಡುಕಿಬಿಡು ಎಂದರು ಮನೆಯವರು.

ಹುಡುಕುವುದಕ್ಕೆ ಒಂದು ಗಡಿಯೂ ಇತ್ತು. ಅತ್ತಿಗೆಗೆ ಸಾನ್ವಿ ಎಂಬ ಹೆಸರು ಬಹಳ ಇಷ್ಟ. ಆದರೆ ಬೆಂಗಳೂರಿನ ಅವರ ವಸತಿ ಸಮುಚ್ಚಯದ ಆಟದ ಅಂಗಳದಲ್ಲಿ ಸಂಜೆ ಯಾರಾದರೂ ಸಾನ್ವಿ ಎಂದು ಕೂಗಿದರೆ ನಾಲ್ಕಾರು ಮಕ್ಕಳು ಒಟ್ಟಿಗೆ ತಿರುಗಿ ನೋಡುತ್ತವೆ. ಆದ್ದರಿಂದ ಸಾನ್ವಿಯಂತೆಯೇ ಕೇಳಬೇಕು, ಆದರೆ ಸಾನ್ವಿ ಆಗಿರಬಾರದು, ಅರ್ಥವೂ ಚೆನ್ನಾಗಿರಬೇಕು ಎಂಬುದು ಅವಳ ಬೇಡಿಕೆ. ಕೇಳಲು ಸುಲಭವೆನಿಸುವ ಈ ಬೇಡಿಕೆಯನ್ನು ಈಚೆಗೆ ಅನೇಕ ತಂದೆತಾಯಿಯರು ಮುಂದಿಡುವುದನ್ನು ನೋಡಿದ್ದೇನೆ. ಇದಕ್ಕೆ ಅವರು ಕಂಡುಕೊಳ್ಳುವ ಉತ್ತರಗಳು ಮಾತ್ರ ಹೆಚ್ಚಿನ ಪಾಲು ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲ ಉತ್ತರ, ರೋಮನ್ ಲಿಪಿಯಲ್ಲಿ ಒಂದು ಅಕ್ಷರ ಹೆಚ್ಚಿಗೆ ಸೇರಿಸುವುದು ಅಥವಾ ಕೊನೆಯ ‘ಐ’ ತೆಗೆದು ಎರಡು ‘ಇ’ ಹಾಕುವುದು. ಸಂಖ್ಯಾಶಾಸ್ತ್ರದವರು ಇದಕ್ಕೆ ಕಾಣಿಕೆಯನ್ನೂ ತೆಗೆದುಕೊಳ್ಳುತ್ತಾರೆ. ಎಷ್ಟೇ ಅಕ್ಷರ ಕೂಡಿಸಿದರೂ ಕನ್ನಡದಲ್ಲಿ ಬರೆದ ಕೂಡಲೇ ಅದು ಮತ್ತೆ ಸಾನ್ವಿಯೇ. ಅಂಗಳದಲ್ಲಿ ಕೂಗಿದಾಗ ತಿರುಗುವ ತಲೆಗಳ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಎರಡನೆಯ ಉತ್ತರ, ಮೊದಲಕ್ಷರವನ್ನು ಕಿತ್ತು ಅಲ್ಲಿ ಬೇರೊಂದನ್ನು ಕೂರಿಸುವುದು: ದಾನ್ವಿ, ಮಾನ್ವಿ, ರಾನ್ವಿ, ಹೀಗೆ. ಮಾನ್ವಿ ಎಂಬುದು ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರ ಎಂಬುದನ್ನು ನಾನೇ ಅತ್ತಿಗೆಗೆ ನೆನಪಿಸಬೇಕಾಯಿತು. ಉಳಿದವು ಯಾವ ಭಾಷೆಯಲ್ಲೂ ಬಾಳಿದ ಪದಗಳಲ್ಲ. ಅಂತರಜಾಲದ ಹೆಸರಿನ ಪಟ್ಟಿಗಳು ಇಂಥ ಪ್ರತಿಯೊಂದಕ್ಕೂ ‘ಲಕ್ಷ್ಮಿ’, ‘ಪಾರ್ವತಿ’ ಅಥವಾ ‘ಸೂರ್ಯನ ಮೊದಲ ಕಿರಣ’ ಎಂದು ಅರ್ಥ ಅಂಟಿಸಿ ಕೈತೊಳೆದುಕೊಳ್ಳುತ್ತವೆ.

ಹಾಗೆ ನೋಡಿದರೆ ಸಾನ್ವಿಯ ಹಿನ್ನೆಲೆಯೂ ಅಷ್ಟೇನೂ ಗಟ್ಟಿಯಲ್ಲ. ಹಳೆಯ ಸಂಸ್ಕೃತ ಕೋಶಗಳಲ್ಲಿ ಅದು ಲಕ್ಷ್ಮಿಯ ಹೆಸರಾಗಿ ಬರುವುದಿಲ್ಲ. 2016ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಕಿರಿಕ್ ಪಾರ್ಟಿ’ಯ ನಾಯಕಿಗೆ ಆ ಹೆಸರಿತ್ತು, ಅಷ್ಟರಲ್ಲಾಗಲೇ ಹರಡತೊಡಗಿದ್ದ ಹೆಸರು ಆಮೇಲೆ ಕನ್ನಡ ಮನೆಗಳಲ್ಲಿ ಇನ್ನಷ್ಟು ಬಳಕೆಗೆ ಬಂತು. ಅದರಲ್ಲಿ ತಪ್ಪೇನೂ ಇಲ್ಲ. ಹೆಸರುಗಳು ಯಾವಾಗಲೂ ಹೀಗೆಯೇ, ಯಾರದೋ ಬೆನ್ನು ಹತ್ತಿ ಮನೆಯೊಳಗೆ ಬರುತ್ತವೆ. ಹತ್ತನೆಯ ಶತಮಾನದಲ್ಲಿ ಕವಿ ರನ್ನ ತನಗೆ ಆಶ್ರಯ ಕೊಟ್ಟ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನೇ ತನ್ನ ಮಗಳಿಗೆ ಇಟ್ಟ.

ರನ್ನನ ಕಾಲದ ಹೆಸರುಗಳನ್ನು ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಅತ್ತಿಮಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಪಂಪನ ತಾಯಿ ಅಬ್ಬಣಬ್ಬೆ: ಆ ಕಾಲಕ್ಕೆ ಹೆಣ್ಣಿನ ಹೆಸರೆಂದರೆ ಕೊನೆಯಲ್ಲಿ ‘ಅಬ್ಬೆ’ ಇರಬೇಕು. ಆಮೇಲೆ ಅವ್ವ, ಅಕ್ಕ, ಅಮ್ಮಗಳ ಕಾಲ ಬಂತು. ನನ್ನ ಅಜ್ಜಿಯ ಓರಗೆಯವರು ವಿಶಾಲಾಕ್ಷಿ, ಮೀನಾಕ್ಷಿ, ಕಾಮಾಕ್ಷಿಯರು. ತಾಯಿಯ ಓರಗೆಯವರು ಹೇಮಲತಾ, ಪುಷ್ಪಲತಾ, ಸ್ನೇಹಲತಾ. ನನ್ನ ತರಗತಿಯಲ್ಲಿ ಕಾವ್ಯ, ದಿವ್ಯ, ರಮ್ಯ, ಸೌಮ್ಯರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಪ್ರತಿ ಪೀಳಿಗೆಯೂ ಒಂದು ಕೊನೆಯ ಉಲಿಯನ್ನು ಹಿಡಿದುಕೊಂಡು, ಅದು ಸವೆಯುವ ತನಕ ಬಳಸಿ, ಮುಂದಿನದಕ್ಕೆ ಹೊರಳುತ್ತದೆ. ಈಗಿನದು ‘ನ್ವಿ’ ಮತ್ತು ‘ವಿ’. ಅತ್ತಿಗೆಗೆ ಇಷ್ಟವಾಗಿದ್ದೂ ನಿಜವಾಗಿ ಆ ಬಾಲವೇ ಹೊರತು ಇಡೀ ಹೆಸರಲ್ಲ ಎಂದು ಅವಳೊಡನೆ ಒಂದು ಸಂಜೆ ಮಾತನಾಡಿದ ಮೇಲೆ ತಿಳಿಯಿತು. ಎರಡೇ ಅಕ್ಷರ, ನಡುವೆ ಒಂದು ಒತ್ತು, ಕೊನೆಗೆ ಕೂಗುವಾಗ ಎಷ್ಟು ಬೇಕಾದರೂ ಎಳೆಯಬಹುದಾದ ಇಕಾರ. ಇಷ್ಟು ಉಳಿದರೆ ‘ಸಾ’ ಹೋದರೂ ಅವಳಿಗೆ ಚಿಂತೆಯಿರಲಿಲ್ಲ. ಜನಪ್ರಿಯ ಹೆಸರೊಂದರ ಹತ್ತಿರದ ಹೆಸರು ಬೇಕೆನ್ನುವವರು ಮೊದಲು ಮಾಡಬೇಕಾದ ಕೆಲಸ ಇದು, ಆ ಹೆಸರಿನ ಯಾವ ಭಾಗಕ್ಕೆ ತಾವು ಸೋತಿದ್ದೇವೆ ಎಂದು ಗೊತ್ತುಮಾಡಿಕೊಳ್ಳುವುದು. ಕೆಲವರಿಗೆ ಅದು ಮೊದಲ ಅಕ್ಷರವಾಗಿರುತ್ತದೆ, ಕೆಲವರಿಗೆ ಅರ್ಥ. ಅದು ಗೊತ್ತಾದರೆ ಉಳಿದದ್ದನ್ನು ಧೈರ್ಯವಾಗಿ ಬಿಡಬಹುದು.

ಈ ಬಾಲಕ್ಕೆ ಸಂಸ್ಕೃತದಲ್ಲಿ ಒಂದು ಚಂದದ ಮೂಲವಿದೆ. ಉಕಾರದಿಂದ ಮುಗಿಯುವ ಗುಣವಾಚಕಗಳು ಸ್ತ್ರೀಲಿಂಗಕ್ಕೆ ಬಂದಾಗ ಕೊನೆಯಲ್ಲಿ ‘ವೀ’ ಆಗಬಹುದೆಂದು ಪಾಣಿನಿಯ ಸೂತ್ರವೇ ಹೇಳುತ್ತದೆ. ತೆಳ್ಳಗಿನದು ತನು, ತೆಳ್ಳಗಿನವಳು ತನ್ವೀ. ಸಾಧು ಸಾಧ್ವಿಯಾಗುತ್ತದೆ, ಪೃಥು ಪೃಥ್ವಿಯಾಗುತ್ತದೆ, ಲಘು ಲಘ್ವಿಯಾಗುತ್ತದೆ, ಮೃದು ಮೃದ್ವಿಯಾಗುತ್ತದೆ. ಸಾನು ಎಂದರೆ ಬೆಟ್ಟದ ನೆತ್ತಿ. ಅದು ಗುಣವಾಚಕವಲ್ಲದ್ದರಿಂದ ಸಾನ್ವಿ ಈ ಸೂತ್ರದೊಳಗೆ ಬರುವುದಿಲ್ಲ, ಆದರೆ ಕಿವಿಗೆ ಈ ಬಳಗದ್ದೇ ಎನಿಸುತ್ತದೆ. ಹೀಗಾಗಿ ಹೊಸದನ್ನು ಹೊಲಿಯುವ ಅಗತ್ಯವೇ ಇರಲಿಲ್ಲ. ಬಳಗದಲ್ಲಿ ಮೊದಲೇ ಇದ್ದು ಯಾರೂ ಕರೆಯದೆ ಉಳಿದವರನ್ನು ಕರೆದರೆ ಸಾಕಿತ್ತು.

ತನ್ವಿ ಮೊದಲ ಸುತ್ತಿನಲ್ಲೇ ಹೊರಬಿತ್ತು, ಆ ಅಂಗಳದಲ್ಲಿ ತನ್ವಿಯರೂ ಇದ್ದರು. ಪೃಥ್ವಿ ಈಗ ನಮ್ಮಲ್ಲಿ ಹುಡುಗರ ಹೆಸರಾಗಿಬಿಟ್ಟಿದೆ. ಗುರುವಿನಿಂದ ಬರುವ ಗುರ್ವಿಗೆ ಬಸುರಿ ಎಂಬ ಅರ್ಥವೂ ಇದೆ, ಅದು ಬೇಡ. ಮೃದ್ವಿ ನನಗೆ ಬಹಳ ಹಿಡಿಸಿತ್ತು. ಆದರೆ ನಮ್ಮ ತಾಯಿ ಅದನ್ನು ಮೂರು ಬಗೆಯಲ್ಲಿ ಉಚ್ಚರಿಸಿದರು, ಮೂರರಲ್ಲಿ ಒಂದೂ ಮೃದ್ವಿ ಆಗಿರಲಿಲ್ಲ. ಅಮರಕೋಶದಲ್ಲಿ ದ್ರಾಕ್ಷಿಯ ಹೆಸರುಗಳನ್ನು ಹೇಳುವ ಸಾಲೊಂದಿದೆ. ಮೃದ್ವೀಕಾ, ದ್ರಾಕ್ಷಾಗಳ ಜೊತೆಗೆ ಅಲ್ಲಿ ಸ್ವಾದ್ವೀ ಎಂಬುದೂ ಬರುತ್ತದೆ. ಸಿಹಿಯಾದವಳು ಎಂದರ್ಥ. ಸಾನ್ವಿಗೆ ಇದಕ್ಕಿಂತ ಹತ್ತಿರದ ಅಕ್ಕ ಸಿಗಲಾರಳು ಎಂದು ನಾನು ಹಿಗ್ಗಿ ಫೋನ್ ಮಾಡಿದೆ. ತಮ್ಮ ತಕ್ಷಣ “ಸಾಧ್ವಿಯಾ?” ಎಂದು ಕೇಳಿದ. ಜೀವಮಾನವಿಡೀ ಆ ಹುಡುಗಿ “ಸಾಧ್ವಿ ಅಲ್ಲ, ಸ್ವಾದ್ವಿ” ಎಂದು ತಿದ್ದುತ್ತ ಕೂರಬೇಕಾಗುತ್ತದೆ ಎಂಬುದು ಆ ಒಂದು ಪ್ರಶ್ನೆಯಿಂದಲೇ ಗೊತ್ತಾಯಿತು. ಅಪರೂಪದ ಹೆಸರು ಮತ್ತು ತಪ್ಪಾಗಿ ಕೇಳಿಸುವ ಹೆಸರು ಬೇರೆ ಬೇರೆ. ಮೊದಲನೆಯದನ್ನು ಜನ ಎರಡನೆಯ ಸಲ ಕೇಳಿಸಿಕೊಂಡು ನೆನಪಿಟ್ಟುಕೊಳ್ಳುತ್ತಾರೆ. ಎರಡನೆಯದನ್ನು ತಮಗೆ ಗೊತ್ತಿರುವ ಹೆಸರಿಗೆ ತಿರುಗಿಸಿಕೊಂಡು ಮರೆಯುತ್ತಾರೆ.

ಈ ಸೂತ್ರದಾಚೆಗಿನ ‘ವಿ’ಗಳನ್ನೂ ನೋಡಿದೆವು. ಜಾಹ್ನವಿ ನಮ್ಮ ಬಾಯಲ್ಲಿ ಹೇಗೂ ಜಾನ್ವಿಯೇ ಆಗುತ್ತದೆ, ಚಿಹ್ನೆ ಚಿನ್ಹೆಯಾಗುವಂತೆ. ಆದರೆ ಅದೂ ಈಗ ದಟ್ಟವಾಗಿದೆ. ಭೈರವಿ ಎಂದರೆ ಸಂಗೀತದ ಮನೆಯವರಿಗೆ ಸಂತೋಷ, ನಮ್ಮ ಮನೆಯಲ್ಲಿ ಹಾಡುವವರಿಲ್ಲ. ತುಸು ಹೆಚ್ಚು ಹೊತ್ತು ನಿಂತದ್ದು ಶಾಂಭವಿಯ ಬಳಿ. ಪಾರ್ವತಿಯ ಹೆಸರು ಹೌದು, ಮೂಲ್ಕಿಯ ಬಳಿ ನಂದಿನಿಯೊಡನೆ ಸೇರಿ ಸಮುದ್ರಕ್ಕೆ ಹೋಗುವ ನದಿಯ ಹೆಸರೂ ಹೌದು. ಅತ್ತಿಗೆಯ ತವರು ಕರಾವಳಿಯಾದ್ದರಿಂದ ಅವಳ ಕಡೆಯವರಿಗೆ ಇದು ಬಹುವಾಗಿ ಒಪ್ಪಿತ್ತು. ಹೆಣ್ಣಿಗೆ ನದಿಯ ಹೆಸರು ಇಡಬಾರದೆಂದು ನಮ್ಮ ಚಿಕ್ಕಪ್ಪ ಮನುಸ್ಮೃತಿಯನ್ನು ಉದಾಹರಿಸಿದರು. ನಕ್ಷತ್ರ, ಮರ, ನದಿಗಳ ಹೆಸರುಳ್ಳ ಕನ್ಯೆಯನ್ನು ಮದುವೆಯಾಗಬಾರದೆಂದು ಅಲ್ಲಿ ಇರುವುದು ನಿಜ. ಗಂಗಾ, ತುಂಗಾ, ಕಾವೇರಿ, ರೋಹಿಣಿ, ರೇವತಿಯರನ್ನು ಹೆತ್ತ ಈ ನಾಡು ಅದನ್ನು ಎಂದೂ ಲೆಕ್ಕಕ್ಕೆ ಇಟ್ಟಿಲ್ಲ ಎಂಬುದೂ ಅಷ್ಟೇ ನಿಜ, ಚಿಕ್ಕಪ್ಪನ ಸ್ವಂತ ಮಗಳ ಹೆಸರೇ ರೇವತಿ. ಅದೇ ಗ್ರಂಥ ಹೆಣ್ಣಿನ ಹೆಸರು ಸುಲಭವಾಗಿ ನುಡಿಯುವಂತಿರಬೇಕು, ಅರ್ಥ ಸ್ಪಷ್ಟವಾಗಿರಬೇಕು, ದೀರ್ಘಸ್ವರದಲ್ಲಿ ಮುಗಿಯಬೇಕು ಎಂದೂ ಹೇಳುತ್ತದೆ. ಕರೆಯುವ ಬಾಯಿಯ ದೃಷ್ಟಿಯಿಂದ ಇದು ಒಳ್ಳೆಯ ಸಲಹೆ. ಶಾಂಭವಿಯನ್ನು ಕೊನೆಗೆ ಬಿಟ್ಟದ್ದು ಮನುವಿನ ಮಾತಿಗಲ್ಲ, ತಮ್ಮನ ಮಾತಿಗೆ. ಶಕಾರಕ್ಕೆ ಸಕಾರ, ಭಕಾರಕ್ಕೆ ಬಕಾರ ಬಳಸುವ ಬಾಯಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಶಾಲೆಯಲ್ಲಿ ಎರಡನೆಯ ದಿನಕ್ಕೇ ಅವಳು ಸಾಂಬಾರ್ ಆಗುತ್ತಾಳೆ ಎಂದ. ಮಕ್ಕಳನ್ನು ಬಲ್ಲವರು ಯಾರೂ ಇದನ್ನು ಅಲ್ಲಗಳೆಯಲಾರರು.

ಉಳಿದದ್ದು ಉರ್ವಿ. ಉರು ಎಂದರೆ ವಿಶಾಲ, ಉರ್ವೀ ಎಂದರೆ ವಿಶಾಲವಾದವಳು, ಭೂಮಿ. ಅಮರಕೋಶದ ಭೂಮಿಯ ಹೆಸರುಗಳಲ್ಲಿ ವಸುಧಾ ಮತ್ತು ವಸುಂಧರಾ ನಡುವೆ ಅದು ಕುಳಿತಿದೆ. ಹಳೆಯ ಕಾವ್ಯಗಳ ರಾಜರು ಉರ್ವೀಪತಿ, ಉರ್ವೀಶ ಎಂದು ಕರೆಸಿಕೊಂಡದ್ದು ಇದೇ ಉರ್ವಿಗೆ ಒಡೆಯರೆಂದು. ಅದೇ ಬಾಲ, ಅದೇ ಎರಡಕ್ಷರ, ನಡುವೆ ಒತ್ತು. ಮಹಾಪ್ರಾಣವಿಲ್ಲದ್ದರಿಂದ ಅಮೆರಿಕದಲ್ಲಿರುವ ಅತ್ತಿಗೆಯ ಅಣ್ಣನ ಮಕ್ಕಳೂ ಹೇಳಬಲ್ಲರು. ತೀರ ಯಾರಿಗೂ ಇಲ್ಲದ ಹೆಸರೇನಲ್ಲ, ಅಲ್ಲೊಬ್ಬಳು ಇಲ್ಲೊಬ್ಬಳು ಉರ್ವಿ ಇರುತ್ತಾಳೆ. ಜಗತ್ತಿನಲ್ಲಿ ಒಬ್ಬಳಿಗೇ ಇರುವ ಹೆಸರು ಯಾರಿಗೂ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಒಪ್ಪುವ ಮುನ್ನ ಒಂದು ವಾರ ಮಗುವನ್ನು ಆ ಹೆಸರಿನಿಂದಲೇ ಕರೆಯಿರಿ ಎಂದು ಅವರಿಗೆ ಹೇಳಿದೆ. ಕಾಗದದ ಮೇಲೆ ಚಂದ ಕಾಣುವ ಎಷ್ಟೋ ಹೆಸರುಗಳು ನಡುರಾತ್ರಿ ಅಳುವ ಕೂಸನ್ನು ಸಮಾಧಾನಪಡಿಸುವಾಗ ಬಾಯಿಗೇ ಬರುವುದಿಲ್ಲ. ಇದು ಬಂತು.

ನಕ್ಷತ್ರದ ಅಕ್ಷರದ ಪ್ರಶ್ನೆ ನಮ್ಮಲ್ಲಿ ದೊಡ್ಡ ಜಗಳವಾಗಲಿಲ್ಲ. ಮಗು ಅನೂರಾಧಾ ನಕ್ಷತ್ರದ ಮೂರನೆಯ ಪಾದದಲ್ಲಿ ಹುಟ್ಟಿದ್ದರಿಂದ ‘ನು’ ಅಕ್ಷರ ಬಂದಿತ್ತು. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕನಾಮ ಎಂದು ಬೇರೆ ಬೇರೆ ಹೆಸರುಗಳನ್ನು ಹೇಳುವ ಪದ್ಧತಿಯೇ ಇರುವಾಗ ಒಂದೇ ಹೆಸರಿನ ತಲೆಯ ಮೇಲೆ ಎಲ್ಲ ಹೊರೆಯನ್ನೂ ಹೇರುವುದೇಕೆ? ‘ನು’ ಅಕ್ಷರದ ಹೆಸರನ್ನು ಪುರೋಹಿತರು ಅಕ್ಕಿಯ ಮೇಲೆ ಬರೆಸಿದರು, ಅದು ಸಂಕಲ್ಪಕ್ಕೆ ಉಳಿಯಿತು. ಕರೆಯುವ ಹೆಸರನ್ನು ನಾನು ಕಿವಿಯಲ್ಲಿ ಹೇಳಿದೆ.

ಆತುರಪಡುವವರಿಗೆ ಒಂದು ಮಾತು. ಹುಟ್ಟನ್ನು 21 ದಿನಗಳೊಳಗೆ ನೋಂದಾಯಿಸಬೇಕು ನಿಜ, ಆದರೆ ಆಗಲೇ ಹೆಸರೂ ಇರಬೇಕೆಂದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ; ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೂ ಅವಕಾಶವಿದೆ. ಆಸ್ಪತ್ರೆಯಿಂದ ಹೊರಡುವ ಗಡಿಬಿಡಿಯಲ್ಲಿ ಯಾವುದೋ ಹೆಸರನ್ನು ಬರೆಸಿ ಆಮೇಲೆ ತಿದ್ದುಪಡಿಗೆ ಅಲೆಯುವುದಕ್ಕಿಂತ ಕಾಯುವುದು ಮೇಲು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಆಧಾರವಾಗಿರುವುದರಿಂದ ಅದರಲ್ಲಿ ಕನ್ನಡದ ಕಾಗುಣಿತವನ್ನೂ ರೋಮನ್ ಕಾಗುಣಿತವನ್ನೂ ಬೆರಳಿಟ್ಟು ಓದಬೇಕು. ಉರ್ವಿಯ ಉಕಾರ ಹ್ರಸ್ವ. ಕರಡು ಪ್ರತಿಯಲ್ಲಿ ಅದು ‘ಊರ್ವಿ’ ಎಂದು ಬಂದದ್ದನ್ನು ತಮ್ಮ ನೋಡಿ ಅಲ್ಲೇ ತಿದ್ದಿಸಿದ.

ಈಗ ಅತ್ತಿಗೆಯ ತಂಗಿಗೆ ಏಳು ತಿಂಗಳು. ಹೆಣ್ಣಾದರೆ ‘ಆದ್ಯಾ’ ಎಂಬುದರ ಹತ್ತಿರದ ಹೆಸರು ಬೇಕೆಂದು ಈಗಿನಿಂದಲೇ ಹೇಳಿ ಕಳಿಸಿದ್ದಾಳೆ. ಹೃದ್ಯಾ, ವಿಂಧ್ಯಾ, ವಂದ್ಯಾ ಎಂಬ ಮೂರನ್ನು ಬರೆದು ಕಳಿಸಿದ್ದೇನೆ. ನಾಲ್ಕನೆಯದಾಗಿ ಸಂಧ್ಯಾ ಎಂದೂ ಸೇರಿಸಿದೆ. ನಮ್ಮ ಚಿಕ್ಕಂದಿನಲ್ಲಿ ಬೀದಿಗೊಬ್ಬಳಿದ್ದ ಸಂಧ್ಯಾ ಈಗಿನ ಅಂಗನವಾಡಿ, ನರ್ಸರಿಗಳಲ್ಲಿ ನನಗಂತೂ ಕಾಣಸಿಕ್ಕಿಲ್ಲ, ಅವರ ಬೀದಿಯಲ್ಲಿ ಅವಳೊಬ್ಬಳೇ ಇರುತ್ತಾಳೆ.