ಕರಿಬೇವಿನ ಕುಂಡ ಮತ್ತು ಗೆರೆಯಿಲ್ಲದ ಪುಸ್ತಕ

ಮಕ್ಕಳಿಗೆ ಹಾಳೆ ಕೊಟ್ಟು ಇಷ್ಟಬಂದ ಚಿತ್ರ ಬಿಡಿಸಿ ಎಂದರೆ ಹೆಚ್ಚಿನವರು ಬಿಡಿಸುವುದು ಒಂದೇ ಚಿತ್ರವನ್ನು: ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಕೆಳಗಿಳಿಯುವ ಹೊಳೆ, ದಂಡೆಯಲ್ಲೊಂದು ಹೆಂಚಿನ ಮನೆ, ಬಾಗಿದ ತೆಂಗಿನ ಮರ. ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಬೆಳೆಯುವ ಮಗುವೂ ಇದನ್ನೇ ಬಿಡಿಸುತ್ತದೆ. ಅದು ಗುಡ್ಡವನ್ನು ನೋಡಿ ಬಿಡಿಸಿದ್ದಲ್ಲ, ಇನ್ನೊಂದು ಚಿತ್ರವನ್ನು ನೋಡಿ ಬಿಡಿಸಿದ್ದು. ಮಕ್ಕಳ ಸೃಜನಶೀಲತೆಯ ಬಗ್ಗೆ ಚಿಂತಿಸುವ ತಂದೆತಾಯಂದಿರು ಬಣ್ಣದ ಪೆಟ್ಟಿಗೆಯನ್ನೂ ಬೇಸಿಗೆ ಶಿಬಿರವನ್ನೂ ಹುಡುಕುವುದಕ್ಕೆ ಮೊದಲು, ಮಗುವಿಗೆ ಏನನ್ನಾದರೂ ಸಾವಕಾಶವಾಗಿ ನೋಡುವಷ್ಟು ಬಿಡುವು ಸಿಕ್ಕಿದೆಯೇ ಎಂದು ಕೇಳಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ನೋಡುವುದಕ್ಕೆ ಕಾಡೇ ಬೇಕೆಂದಿಲ್ಲ, ಒಂದು ಕರಿಬೇವಿನ ಕುಂಡ ಸಾಕು. ಕರಿಬೇವು ಮತ್ತು ನಿಂಬೆಯ ಎಳೆ ಎಲೆಗಳ ಮೇಲೆ ಕೆಲವು ಜಾತಿಯ ಚಿಟ್ಟೆಗಳು ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿಯ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದು ಬಂದ ಹುಳು ಮೊದಮೊದಲು ಕಂದು-ಬಿಳಿ ಮಿಶ್ರಿತವಾಗಿ ಹಕ್ಕಿಯ ಹಿಕ್ಕೆಯಂತೆಯೇ ಕಾಣುವುದರಿಂದ ಅದನ್ನು ತಿನ್ನಬಲ್ಲ ಹಕ್ಕಿಗಳೂ ಮೋಸಹೋಗುತ್ತವೆ. ನನ್ನ ಮಗಳೂ "ಅಮ್ಮಾ, ಇಲ್ಲಿ ಹಕ್ಕಿ ಗಲೀಜು ಮಾಡಿದೆ" ಎಂದೇ ದೂರು ತಂದಿದ್ದಳು. ಕೆಲವೇ ದಿನಗಳಲ್ಲಿ ಅದು ಪೊರೆ ಕಳಚಿ ಎಲೆಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಛಾಯೆಯ ಕವಲುಗೋಡೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಒಗ್ಗರಣೆಗೆ ಎಲೆ ಉಳಿಯುವುದಿಲ್ಲವೆಂದು ಹುಳುವನ್ನು ತೆಗೆದೆಸೆಯುವ ಮನಸ್ಸಾಗುವುದು ಸಹಜ. ಒಂದೆರಡು ವಾರ ಅಂಗಡಿಯ ಕರಿಬೇವು ತಂದರಾಯಿತು.

ಅವಳು ಆ ಹುಳುವನ್ನು ಗೆರೆಯಿಲ್ಲದ ಪುಸ್ತಕದಲ್ಲಿ ಪುಟದ ಉದ್ದಕ್ಕೂ ಬಿಡಿಸಿ ಕೆಳಗೆ ಹೀಗೆ ಬರೆದಳು: "ಅದಕೆ ಸಿಟು ಬಂದರೆ ಕೋಡು ಬರತ್ತೆ. ಆಮೇಲೆ ಒಳಗೆ ಹೋಗತ್ತೆ. ನನಗೂ ಹಾಗೇ." ಒತ್ತಕ್ಷರ ಬಿಟ್ಟುಹೋಗಿರುವುದು ನಿಜ, ಆದರೆ ಆ ಮೂರನೆಯ ವಾಕ್ಯವನ್ನು ಯಾವ ಉಕ್ತಲೇಖನವೂ ಬರೆಸಲಾರದು. ಕಾಗುಣಿತ ತಿದ್ದಲು ಶಾಲೆಯ ನೋಟ್‌ಬುಕ್ ಇದ್ದೇ ಇದೆ. ಈ ಪುಸ್ತಕಕ್ಕೆ ಕೆಂಪು ಶಾಯಿ ಮುಟ್ಟಿಸಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. "ನನ್ನ ನೆಚ್ಚಿನ ಪ್ರಾಣಿ" ಎಂದು ವಿಷಯ ಕೊಟ್ಟು ಬರೆಸಿದರೆ "ಹಸು ಒಂದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ" ಎಂಬಲ್ಲಿಗೆ ಬರಹ ನಿಂತುಬಿಡುತ್ತದೆ. ಅದರ ಬದಲು "ನಿನ್ನೆ ಇಲ್ಲದ್ದು ಇವತ್ತು ಏನು ಕಂಡಿತು?" ಎಂದು ಕೇಳಿದರೆ ಬರೆಯಲು ಸಂಗತಿ ಸಿಗುತ್ತದೆ. ಅಕ್ಷರ ಕೂಡಿಸಲು ಬಾರದ ಮಗು ಹೇಳಿದ್ದನ್ನು ಹಿರಿಯರು ಅದರ ಮಾತಿನಲ್ಲೇ ಬರೆದುಕೊಟ್ಟರೂ ಆದೀತು, ಜಾಣತನದ ಪದಗಳನ್ನು ಸೇರಿಸದಿದ್ದರೆ ಸರಿ.

ಬಣ್ಣಕ್ಕೂ ಅಡುಗೆಮನೆಯೇ ಒದಗುತ್ತದೆ. ಅರಿಸಿನಕ್ಕೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಆರತಿ ಎತ್ತುವ ಮನೆಗಳಿಗೆಲ್ಲ ಗೊತ್ತಿರುವ ಸಂಗತಿ, ಆದರೆ ಆ ನೀರು ಕುಂಚಕ್ಕೂ ಬರುತ್ತದೆಂದು ನಮಗೆ ಹೊಳೆಯುವುದಿಲ್ಲ (ಸುಣ್ಣವನ್ನು ಮಾತ್ರ ದೊಡ್ಡವರೇ ಬೆರೆಸಬೇಕು, ಕಣ್ಣಿಗೆ ಹಾರಿದರೆ ಅಪಾಯ). ನೀಲಿ ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ ನಿಂಬೆರಸ ಹಿಂಡಿದರೆ ನೇರಳೆಯಾಗುತ್ತದೆ, ಅಡುಗೆ ಸೋಡ ಹಾಕಿದರೆ ಹಸಿರಿಗೆ ತಿರುಗುತ್ತದೆ. ಮಾಗಿದ ಬಸಳೆ ಹಣ್ಣು ಹಿಂಡಿದರೆ ಬರೆಯುವ ಶಾಯಿಯೇ ಸಿಗುತ್ತದೆ. ಈ ಬಣ್ಣಗಳು ದಿನ ಕಳೆದಂತೆ ಮಾಸುತ್ತವೆ, ಬಟ್ಟೆಗೆ ತಗುಲಿದರೆ ಮಾತ್ರ ಬೇಗ ಹೋಗುವುದಿಲ್ಲ. ಹಳೆಯ ಅಂಗಿ ತೊಡಿಸಿಯೇ ಕೂರಿಸುವುದು ಕ್ಷೇಮ.

ಇಷ್ಟಾದ ಮೇಲೆ ಹಿರಿಯರಿಗೆ ಉಳಿಯುವ ಕೆಲಸವೆಂದರೆ ಸುಮ್ಮನಿರುವುದು, ಮತ್ತು ಅದೇ ಎಲ್ಲಕ್ಕಿಂತ ಕಷ್ಟದ್ದು. ಬರೆದದ್ದನ್ನು ನೆಂಟರೆದುರು ಓದಿಸುವುದು, ಚಿತ್ರವನ್ನು ಕೂಡಲೇ ವಾಟ್ಸಾಪ್ ಗುಂಪಿಗೆ ಹಾಕುವುದು, ಸ್ಪರ್ಧೆಗೆ ಕಳಿಸುವುದು ಶುರುವಾದರೆ ಮಗು ಬೇಗನೆ ಚಪ್ಪಾಳೆ ಬೀಳುವ ಚಿತ್ರ ಯಾವುದೆಂದು ಕಲಿತುಬಿಡುತ್ತದೆ, ಆ ಚಿತ್ರದಲ್ಲಿ ಸಾಮಾನ್ಯವಾಗಿ ಎರಡು ಗುಡ್ಡಗಳಿರುತ್ತವೆ.